ಎಳ್ಳಮಾಸಿ ಬೆಳದಿಂಗಳು: ಏಸ್ ಅಟಾರ್ನಿ ಗೇಮ್ ಒಳಗ ಏನದ?

ಗೇಮ್ ಬಗ್ಗೆ ಆಮ್ಯಾಲ ಹೇಳ್ತೀನಿ, ಮೊದ್ಲು ಒಂದು ಕಳುವಿನ ಕೇಸ್ ಕೇಳ್ರಿ. ಖರೇ ಕೇಸ್ ಅಲ್ಲ, ದೋಸ್ತರಿಗಿ ತಿಳಿಸಿ ಹೇಳಲಾಕ ನಾನೇ ಕಟ್ಟಿದ್ದು.

ಚಿತ್ತಾಪುರ ಕಡಿ ಒಂದು ಹಳ್ಳಿ ಅನ್ಕೋರಿ. ತೊಗರಿ ರಾಶಿ ಆಗ್ಯದ, ಚೀಲ ತುಂಬಿ ಹೊಲದಾಗೇ ಇಟ್ಟಾರ, ಎಳ್ಳಮಾಸಿ ಮರುದಿನ ಮುಂಜಾನಿ ಹೋಗಿ ನೋಡಿದ್ರ ಎರಡು ಚೀಲ ಮಾಯ. ಊರಾಗಿನ ಒಬ್ಬ ಬಡ ಹುಡುಗನ್ನ ಹಿಡಿದಾರ. ಯಾಕಂದ್ರ ಬಾಜು ಹೊಲದಾಂವ ನಾ ಕಣ್ಣಾರೆ ನೋಡೀನಿ ಅಂತಾನ. ಕೋರ್ಟಿನ್ಯಾಗ ಅಂವ ಹೇಳೋದು ಹಿಂಗ: "ಎಳ್ಳಮಾಸಿ ದಿನ ಎಲ್ಲಾರೂ ಹೊಲಕ್ಕ ಹೋಗಿದ್ವಿ ಸಾಹೇಬ್ರ. ಭಜ್ಜಿ ಸಜ್ಜಿರೊಟ್ಟಿ ಉಂಡು ಮಂದಿ ಹೋತು, ನಾ ಒಬ್ಬನೇ ತಡಾ ಮಾಡಿ ಹೊಂಟೆ. ರಾತ್ರಿ ಒಂಬತ್ತರ ಸುಮಾರು ಇಂವ ಚೀಲ ಹೊತ್ಕೊಂಡು ಹೋಗೋದು ಕಂಡೆ. ಬೆಳದಿಂಗಳು ಹಾಲ್ ಚೆಲ್ಲಿದಂಗ ಇತ್ತು, ಮಾರಿ ಸಾಫ್ ಕಾಣ್ತಿತ್ತು. ಹೆಗಲ ಮ್ಯಾಲ ಕೆಂಪು ಟವೆಲ್ ಹಾಕಿದ್ದ."

ನೀವು ವಕೀಲರು. ನಿಮ್ಮ ಕೈಯಾಗ ಇರೋದು ಒಂದು ಪಂಚನಾಮೆ, ಒಂದು ಕೆಂಪು ಟವೆಲ್, ಗ್ವಾಡಿ ಮ್ಯಾಲಿನ ಒಂದು ಕ್ಯಾಲೆಂಡರ್. ಎಲ್ಲಿ ಹಿಡೀತೀರಿ?

ನಮ್ ಕಡಿ ಮಂದಿಗಿ ಇದು ತಟ್ನ ಹೊಳೀತದ, ಎಳ್ಳಮಾಸಿ ಅಂದ್ರೇ ಅಮಾಸಿ, ಅವತ್ತು ಎಲ್ಲಿ ಬೆಳದಿಂಗಳು ಬಂತೋ ಮಾರಾಯ. ಕ್ಯಾಲೆಂಡರ್ ತೆಗದು ಆ ಒಂದು ಮಾತಿನ ಮ್ಯಾಲ ಬಡೀರಿ. ಏಸ್ ಅಟಾರ್ನಿ ಅಂದ್ರ ಇದೇ. ಆ ಕ್ಷಣಕ್ಕ ಸ್ಕ್ರೀನ್ ತುಂಬ ಕೆಂಪು ಅಕ್ಷರ ಬಂದು "ಅಬ್ಜೆಕ್ಷನ್!" ಅಂತ ಒದರ್ತದ, ಹಾಡು ಗಪ್ ಅಂತ ನಿಲ್ತದ, ವಕೀಲ ಬೆರಳು ಚಾಚಿ ನಿಂದಿರ್ತಾನ. ಮಂದಿ ಬರೇ ಆ ಬೆರಳು ನೋಡಿ ಇದೊಂದು ಒದರಾಡೋ ಗೇಮ್ ಅಂತ ತಿಳ್ಕೊಂಡಾರ, ಖರೇ ಗೇಮ್ ಇರೋದು ಕ್ಯಾಲೆಂಡರ್ ಹುಡುಕೋದ್ರಾಗ.

ಆದ್ರ ಕಥಿ ಇನ್ನೂ ಮುಗಿದಿಲ್ಲ. ಸಾಕ್ಷಿ ಬೆವರು ಒರೆಸ್ಕೊಂಡು "ಅಯ್ಯ, ಮರ್ತಿದ್ದೆ ನೋಡ್ರಿ, ಬೆಳದಿಂಗಳಲ್ಲ, ಗಾಡಿ ಹೆಡ್‌ಲೈಟಿನ್ಯಾಗ ಕಂಡೆ" ಅಂತಾನ. ಈಗ ಏನ್ ಮಾಡ್ತೀರಿ? ನೀವು ಮೊದಲ ಸುತ್ತಿನ್ಯಾಗ "ತಡಾ ಮಾಡಿ ಹೊಂಟೆ" ಅಂದಾಗ ಅಲ್ಲೇ ತಡದು "ಹೆಂಗ ಹೊಂಟಿ?" ಅಂತ ಕೇಳಿದ್ರ, ಅಂವ "ನಮ್ಮ ಮಾವನ ಬಂಡ್ಯಾಗ ರೀ, ನಾನೇ ಎತ್ತು ಹೂಡಿದ್ದೆ" ಅಂತ ಬಾಯಿ ಬಿಟ್ಟಿರ್ತಾನ. ಎತ್ತಿನ ಬಂಡಿಗಿ ಯಾವ ಹೆಡ್‌ಲೈಟು? ಇದು ಎರಡನೇ ಪೆಟ್ಟು. ಮೂರನೇದು ಎಲ್ಲಾಕ್ಕಿಂತ ದೊಡ್ಡದು. ಬೆಳಕೇ ಇರಲಿಲ್ಲ, ಆದ್ರ ಟವೆಲ್ ಕೆಂಪು ಅನ್ನೋದು ಮಾತ್ರ ಖರೇ ಅದ, ಹಂಗಾರ ಇವಗ ಬಣ್ಣ ಗೊತ್ತಾಗಿದ್ದು ಹೆಂಗ? ಆ ಹುಡುಗ ಹಗಲು ಕೆಲಸ ಮಾಡುವಾಗ ಟವೆಲ್ ಚೀಲದ ಸಂದಿನ್ಯಾಗ ಮರ್ತು ಹೋಗಿದ್ದ, ಚೀಲ ಎತ್ತಿದವಗ ಮಾತ್ರ ಅದು ಸಿಕ್ಕಿರ್ತದ. ಸಾಕ್ಷಿ ಕಟಕಟೆದಾಗ ನಿಂತಾಂವೇ ಕಳ್ಳ.

ನನಗ 15 ವರ್ಷ ಆಯ್ತು ಈ ಸೀರೀಸ್ ಹುಚ್ಚು ಹಿಡಿದು, ಅದರ ಪೂರಾ ಗುಟ್ಟು ಈ ಮೂರು ಪೆಟ್ಟಿನ್ಯಾಗ ಅದ ಅಂತೀನಿ. ಸುಳ್ಳು ಹೇಳಾವ ಪೂರಾ ಸುಳ್ಳು ಹೇಳಂಗಿಲ್ಲ, ನಡುವ ಒಂದು ಖರೇ ಮಾತು ಸೇರಸ್ತಾನ. ಸುಳ್ಳು ಹಿಡಿದ್ರ ನಿಮ್ಮ ಹುಡುಗ ಸಂಶಯದ ಮ್ಯಾಲ ಬಚಾವ್ ಆಗ್ತಾನ ಅಷ್ಟ, ಆ ಖರೇ ಮಾತು ಹಿಡಿದ್ರ ಕಳ್ಳ ಸಿಗ್ತಾನ.

ಇನ್ನ ಗೇಮಿಗಿ ಬರ್ತೀನಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ, ಶೂ ತಕುಮಿ ಅನ್ನೋ ಡೈರೆಕ್ಟರ್. 2001ರ ಅಕ್ಟೋಬರದಾಗ ಗೇಮ್ ಬಾಯ್ ಅಡ್ವಾನ್ಸ್ ಅನ್ನೋ ಸಣ್ಣ ಕೈಮಷಿನ್ನಿಗಿ ಮೊದಲನೇದು ಬಂತು, ಜಪಾನಿ ಹೆಸರು 'ಗ್ಯಾಕುತೆನ್ ಸಾಯಿಬಾನ್'. ಸಾಯಿಬಾನ್ ಅಂದ್ರ ಕೋರ್ಟ್ ವಿಚಾರಣೆ, ಗ್ಯಾಕುತೆನ್ ಅಂದ್ರ ನಮ್ಮ ಭಾಷಾದಾಗ ಬಾಜಿ ಪಲ್ಟಿ ಹೊಡಿಯೋದು. ಏಳೇ ಏಳು ಮಂದಿ ಟೀಮು. ದುಡ್ಡಿಲ್ಲ, ಆಕ್ಟರ್ ಇಲ್ಲ, ಅದಕ್ಕ ಒದರೋ ದನಿನೂ ಆಫೀಸಿನವ್ರದ್ದೇ, ಜಪಾನಿ ಗೇಮಿನ್ಯಾಗ ಹೀರೋ ವಕೀಲನ ದನಿ ತಕುಮಿ ಅವರೇ ಕೊಟ್ಟಾರ. 2002ಕ್ಕ ಎರಡನೇದು, 2004ಕ್ಕ ಮೂರನೇದು. ಇಂಗ್ಲಿಷಿನ್ಯಾಗ ಬಂದಿದ್ದು 2005ಕ್ಕ, ನಿಂಟೆಂಡೊ ಡಿಎಸ್ ಅನ್ನೋ ಇನ್ನೊಂದು ಕೈಮಷಿನ್ ಮ್ಯಾಲ. ಜಪಾನಿನ ಹೀರೋ ನಾರುಹೊದೊ ("ಹೌದಲ್ಲಾ, ಈಗ ತಿಳೀತು!" ಅಂದಂಗ ಆ ಹೆಸರಿನ ಅರ್ಥ) ಅಮೇರಿಕಾಕ್ಕ ಹೋಗಿ ಫೀನಿಕ್ಸ್ ರೈಟ್ ಆದ, ಕಥಿ ಲಾಸ್ ಏಂಜಲಿಸಿಗಿ ಶಿಫ್ಟ್ ಆಯ್ತು, ಅವ್ನ ಜೋಡಿ ಇರೋ ಹುಡುಗಿ ಮಾಯಾ ಜಪಾನಿನ್ಯಾಗ ರಾಮೆನ್ ಅಂದ್ರ ಪ್ರಾಣ ಬಿಡ್ತಿದ್ಲು, ಇಂಗ್ಲಿಷಿನ್ಯಾಗ ಬರ್ಗರ್ ಬರ್ಗರ್ ಅನ್ನಲತ್ತಳು. ಆದ್ರ ಹಿಂದಿನ ಚಿತ್ರದಾಗ ಜಪಾನಿ ಗುಡಿ, ಜಪಾನಿ ಮನಿ ಹಂಗೇ ಉಳದಾವ, ಏನ್ ಲಾಸ್ ಏಂಜಲಿಸೋ ಏನೋ.

ಆಡೋದು ಹೆಂಗ ಅಂದ್ರ, ಅರ್ಧಾ ಟೈಮು ಕೊಲಿ ಆದ ಜಾಗ ತಿರುಗಿ ಮಂದಿ ಜೋಡಿ ಮಾತಾಡಿ ಪುರಾವೆ ಕೂಡಸೋದು, ಉಳಿದರ್ಧ ಕೋರ್ಟು. ಕೋರ್ಟಿನ್ಯಾಗ ಸಾಕ್ಷಿಯ ಹೇಳಿಕೆ ಒಂದೊಂದೇ ವಾಕ್ಯ ಆಗಿ ಬರ್ತದ, ಪ್ರತಿ ವಾಕ್ಯಕ್ಕ ನಿಮಗ ಎರಡು ದಾರಿ. ಒಂದು "ಹೋಲ್ಡ್ ಇಟ್!" ಅಂತ ತಡದು ಕೆದಕೋದು, ಇದಕ್ಕ ದಂಡ ಇಲ್ಲ. ಇನ್ನೊಂದು ಪುರಾವೆ ಎತ್ತಿ ತೋರ್ಸೋದು, ತಪ್ಪಾದ್ರ ದಂಡ ಬೀಳ್ತದ, ಐದು ಸಲ ತಪ್ಪಿದ್ರ ಕಕ್ಷಿದಾರ ಜೈಲಿಗಿ, ನೀವು ಮತ್ತ ಹಿಂದಿಂದ ಶುರು. ಎರಡನೇ ಗೇಮಿನಿಂದ ಐದರ ಲೆಕ್ಕ ಹೋಗಿ ಒಂದು ಹಸಿರು ಪಟ್ಟಿ ಬಂತು, ತಪ್ಪು ದೊಡ್ಡದಿದ್ರ ಒಮ್ಮೆಲೇ ಅರ್ಧಾ ಪಟ್ಟಿ ಹೋಗ್ತದ, ನನಗ ಅದು ಸೇರಲಿಲ್ಲ, ಈಗೂ ಸೇರಂಗಿಲ್ಲ.

ಹೊಸಬ್ರು ಮಾಡೋ ತಪ್ಪು ಅಂದ್ರ ಕೆದಕೋದು ಬಿಟ್ಟು ಸೀದಾ ಪುರಾವೆ ಎಸಿಯೋದು. ಎತ್ತಿನ ಬಂಡಿ ಮಾತು ನೆನಪದ ಅಲ್ಲ? ಕೆದಕದೇ ಹೋದ್ರ ಅದು ಬರ್ತಿರಲೇ ಇಲ್ಲ.

ಸಂಗೀತದ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಮಂದಿ ಇದನ್ನ ಗಮನಿಸಂಗಿಲ್ಲ. ಮೊದಲ ಗೇಮಿನ್ಯಾಗ ಪಾಟೀಸವಾಲು ಶುರು ಆದಾಗ ಒಂದು ಹಾಡು ಮೆಲ್ಲಕ ಹೆಜ್ಜಿ ಹಾಕಿದಂಗ ಬರ್ತದ. ಸಾಕ್ಷಿ ಒಂದೆರಡು ಸಲ ಸಿಕ್ಕಿ ಬಿದ್ದ ಮ್ಯಾಲ ಅದೇ ಹಾಡು, ಅದೇ ರಾಗ, ಓಟ ಮಾತ್ರ ಜೋರು. ಯಾರೂ ನಿಮಗ ಹೇಳಂಗಿಲ್ಲ, ಆದ್ರ ನಿಮ್ಮ ಎದಿಗಿ ಗೊತ್ತಾಗ್ತದ ಇಂವ ಇನ್ನ ಜಾಸ್ತಿ ಹೊತ್ತು ತಡಿಯಂಗಿಲ್ಲ ಅಂತ. ಆಮ್ಯಾಲ ಕಡೀ ಪುರಾವೆ ಬಿದ್ದಾಗ ಹಾಡೆಲ್ಲಾ ಬಂದ್, ಎರಡು ಸೆಕೆಂಡ್ ಏನೂ ಸಪ್ಪಳ ಇಲ್ಲ, ಮತ್ತ ಅಟ್ಟಿಸ್ಕೊಂಡು ಹೋಗೋ ಹಾಡು. ಆ ಎರಡು ಸೆಕೆಂಡ್ ಸಲುವಾಗಿ ನಾ ಇನ್ನೂ ಹಳೇ ಕೇಸ್ ತಿರುಗಿ ಆಡ್ತೀನಿ.

ಮೊದಲ ಗೇಮಿನ ಮೊದಲ ಕೇಸ್ ಹೇಳ್ತೀನಿ, ಸ್ಪಾಯ್ಲರ್ ಏನಲ್ಲ, ಕೊಲಿ ಯಾರು ಮಾಡಿದ್ರು ಅಂತ ಶುರುವಾತಿಗೇ ತೋರಸ್ತಾರ. ಒಬ್ಬಾಕಿ ಮಾಡೆಲ್ ಸತ್ತಾಳ, ಹೀರೋನ ಬಾಲ್ಯದ ದೋಸ್ತ ಲ್ಯಾರಿ ಆರೋಪಿ. ಪೇಪರ್ ಮಾರಾಂವ ಒಬ್ಬ ಸಾಕ್ಷಿ, ಹೆಸರು ಫ್ರ್ಯಾಂಕ್ ಸಾವಿಟ್, ಇಂಗ್ಲಿಷಿನ್ಯಾಗ "ನಾ ನೋಡ್ದೆ" ಅಂದಂಗ ಕೇಳಿಸ್ತದ, ಕನ್ನಡದಾಗ ಓದಿದ್ರ 'ಸಾವು ಇಟ್ಟಾಂವ', ಎರಡೂ ಬರೋಬ್ಬರಿ! ಇಂವ ಹೆಣ ಕಂಡಿದ್ದು ಮಧ್ಯಾಹ್ನ ಒಂದು ಗಂಟೆಕ್ಕ ಅಂತಾನ. ಪೋಸ್ಟ್‌ಮಾರ್ಟಂ ರಿಪೋರ್ಟ್ ಆಕಿ ಸತ್ತಿದ್ದು ನಾಲ್ಕರಿಂದ ಐದರ ನಡುವ ಅಂತದ. ಹಿಡಿದ್ರಿ. ಟಿವಿ ಸಪ್ಪಳದಾಗ ಟೈಮ್ ಕೇಳ್ದೆ ಅಂತಾನ, ಆ ಬಿಲ್ಡಿಂಗಿಗಿ ಮಧ್ಯಾಹ್ನ ಹನ್ನೆರಡರಿಂದ ಆರರ ತನಕ ಕರೆಂಟೇ ಇರಲಿಲ್ಲ. (ಕಲಬುರಗಿ ಬ್ಯಾಸಗಿ ಕಂಡಾವ್ರಿಗಿ ಈ ಸುಳ್ಳು ಹಿಡಿಯೋದು ಕಷ್ಟ ಅಲ್ಲ.) ಆಮ್ಯಾಲ ಗಡಿಯಾರ ನೋಡ್ದೆ ಅಂತಾನ. ಆ ಗಡಿಯಾರ ಒಂದು ಮೂರ್ತಿ ಇದ್ದಂಗ ಅದ, ಹೊರಗಿಂದ ನೋಡಿದ್ರ ಗಡಿಯಾರ ಅಂತ ಗೊತ್ತೇ ಆಗಂಗಿಲ್ಲ, ಕೈಯಾಗ ಹಿಡಿದು ಓರೆ ಮಾಡಿದಾಗ ಮಾತ್ರ ಅದು ದನಿಲೇ ಟೈಮ್ ಹೇಳ್ತದ, ಮತ್ತ ಕೊಲಿ ಆಗಿದ್ದೂ ಅದರಿಂದಲೇ. ಅಂದ್ರ ಕೆಂಪು ಟವೆಲ್ ಇದ್ದಂಗ, ಅವಗ ಗೊತ್ತಿರಬಾರದ ಖರೇ ಮಾತು ಗೊತ್ತದ.

ಆದ್ರೂ ಒಂದು ಗಂಟು ಉಳೀತದ. ಕೊಲಿ ನಾಲ್ಕರ ಮ್ಯಾಲ ಆಗಿದ್ದು, ಗಡಿಯಾರ ಒಂದು ಅಂದದ್ದು ಯಾಕ? ಆ ಹುಡುಗಿ ಹಿಂದಿನ ದಿನವಷ್ಟೇ ಪ್ಯಾರಿಸಿನಿಂದ ಬಂದಿದ್ಲು, ಪಾಸ್‌ಪೋರ್ಟಿನ್ಯಾಗ ಅದ. ಪ್ಯಾರಿಸ್ ಲಾಸ್ ಏಂಜಲಿಸಿಗಿಂತ ಒಂಬತ್ತು ತಾಸು ಮುಂದ. ಇಲ್ಲಿ ಸಂಜಿ ನಾಲ್ಕಾದ್ರ ಅಲ್ಲಿ ನಡುರಾತ್ರಿ ಒಂದು. ಗಡಿಯಾರ ಮೂರು ತಾಸು ಹಿಂದ ಇರಲಿಲ್ಲ, ಒಂಬತ್ತು ತಾಸು ಮುಂದ ಇತ್ತು! ದೂರದಿಂದ ಬಂದು ದಣಿದ ಹುಡುಗಿ ಗಡಿಯಾರದ ಟೈಮ್ ತಿರುಗ್ಸೋದು ಮರ್ತಾಳ, ಅಷ್ಟ. ಆ ಮರೆವಿನ ಮ್ಯಾಲ ಪೂರಾ ಕೇಸ್ ನಿಂತದ. ಇದನ್ನ ಮೊದಲ ಸಲ ಆಡಿದಾಗ ನಾ ಎದ್ದು ನಿಂತಿದ್ದೆ.

ಆವಾಗ ನಾ ಡಿಗ್ರಿ ಓದ್ತಿದ್ದೆ. ಕನ್ನಡ ಮೀಡಿಯಂ, ಇಂಗ್ಲಿಷ್ ಅಂದ್ರ ಎದಿ ಡವಡವ. ಅಣ್ಣ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಡಿಎಸ್ ತಂದಿದ್ದ, ಒಂದು ಕಡಿ ಹಿಂಜಿನ ಹತ್ರ ಸೀಳಿತ್ತು, ಟೇಪ್ ಸುತ್ತಿತ್ತು. ಬಾಜುಕ್ಕ ಡಿಕ್ಷನರಿ ಇಟ್ಕೊಂಡು ಕುಂದರ್ತಿದ್ದೆ. ಅಲಿಬಿ, ಪರ್ಜುರಿ, ಟೆಸ್ಟಿಮನಿ, ಎಲ್ಲಾ ಆ ಟೇಪ್ ಸುತ್ತಿದ ಡಬ್ಬಿಯಿಂದ ಕಲ್ತಿದ್ದು. ಮೊದಲ ಗೇಮಿಗಿ ಡಿಎಸ್ ಸಲುವಾಗಿ ಐದನೇ ಕೇಸ್ ಒಂದು ಹೊಸದಾಗಿ ಸೇರ್ಸಿದ್ರು, ಅದ್ರಾಗ ಬೆರಳಚ್ಚು ಹುಡುಕಲಾಕ ಪುಡಿ ಉದರ್ಸಿ ಮೈಕಿಗಿ ಉಫ್ ಅಂತ ಊದಬೇಕು. ಕರೆಂಟ್ ಹೋದ ರಾತ್ರಿ ಮಾಳಗಿ ಮ್ಯಾಲ ಕುಂತು ಊದಲತ್ತಿದ್ದೆ, ನಮ್ಮವ್ವ ಕೆಳಗಿಂದ "ಏನ್ ಊದಲತ್ತಿಯೋ ತಮ್ಮ, ಅದೇನು ಒಲಿ ಅದೇನು?" ಅಂದ್ಲು.

ನಮ್ಮ ಕಾಕಾ ಕಲಬುರಗಿ ಕೋರ್ಟಿನ್ಯಾಗ ಒಬ್ರು ವಕೀಲರ ಹತ್ರ ಗುಮಾಸ್ತ. ಹೈಕೋರ್ಟ್ ಪೀಠ ಇಲ್ಲಿಗಿ 2008ಕ್ಕ ಸಂಚಾರಿಯಾಗಿ ಬಂದು 2013ಕ್ಕ ಕಾಯಂ ಆಗೋಕ್ಕಿಂತ ಮುಂಚೆ, ಬೆಂಗಳೂರಿಗಿ ರಾತ್ರಿ ಗಾಡಿಗಿ ಫೈಲ್ ಹೊತ್ತು ಓಡಾಡಿದ ಮನಷ್ಯ. ಅವರಿಗಿ ಒಂದಿನ ಗೇಮ್ ತೋರ್ಸಿದೆ. ಮೊದಲ ಐದು ನಿಮಿಷದಾಗೇ ತೆಗದ್ರು ನೋಡ್ರಿ ತಪ್ಪು. "ಅಬ್ಜೆಕ್ಷನ್ ಅನ್ನೋದು ಎದುರಿನ ವಕೀಲ ಕೇಳೋ ಪ್ರಶ್ನೆಗಿ ಹಾಕೋದಪಾ, ಸಾಕ್ಷಿ ಸುಳ್ಳು ಹೇಳ್ದ ಅಂತ ಯಾರರೇ ಅಬ್ಜೆಕ್ಷನ್ ಅಂತಾರೇನು?" ಖರೇ ಅದ. ಗೇಮಿನ್ಯಾಗ ಅಬ್ಜೆಕ್ಷನ್ ಅಂದ್ರ ಬರೇ "ಸಿಕ್ಕಿದ್ಯಲ್ಲೋ!" ಅಂತ ಅರ್ಥ.

ಆದ್ರ ಕಾಕಾ ಹೇಳಿದ ಇನ್ನೊಂದು ಮಾತಿನ್ಯಾಗ ಗೇಮ್ ಗೆದ್ದದ ಅಂತ ನನ್ನ ವಾದ. ನಮ್ಮಲ್ಲಿ ಪೊಲೀಸರು ಸಾಕ್ಷಿ ಹೇಳಿಕೆ ಬರಕೊಳ್ತಾರ, ಹಳೇ ಕಾನೂನಿನ್ಯಾಗ ಸೆಕ್ಷನ್ 161, 2024ರ ಜುಲೈ 1ರಿಂದ ಹೊಸ ಕಾನೂನಿನ್ಯಾಗ 180. ಅದಕ್ಕ ಸಾಕ್ಷಿ ಸಹಿ ಇರಂಗಿಲ್ಲ. ಅದನ್ನ ನೇರ ಪುರಾವೆ ಅಂತ ಹಿಡಿಯಂಗಿಲ್ಲ, ಆದ್ರ ಆರೋಪಿ ವಕೀಲ ಪಾಟೀಸವಾಲಿನ್ಯಾಗ "ಅವತ್ತು ಪೊಲೀಸರ ಮುಂದ ಹಿಂಗಂದಿ, ಇವತ್ತು ಹಿಂಗಂತಿ" ಅಂತ ಮಾತಿನ ಬಿರುಕು ತೋರಿಸಲಾಕ ಉಪಯೋಗ ಮಾಡಬಹುದು. ಆ ಬಿರುಕಿಗಿ ಎಕ್ಸಿಬಿಟ್ ಡಿ-1, ಡಿ-2 ಅಂತ ನಂಬರ್ ಬೀಳ್ತದ. ಅಂದ್ರ ಒಬ್ಬನ ಎರಡು ಮಾತು ಬಾಜುಬಾಜುಕ್ಕಿಟ್ಟು ನೋಡೋದು ಅನ್ನೋ ಕೆಲಸ ಖರೇ ಕೋರ್ಟಿನ್ಯಾಗೂ ಅದೇ, ಅಲ್ಲಿ ಹಾಡು ಇಲ್ಲ ಅಷ್ಟ. ಕಾಕಾ ಮನ್ಯಾಗ ಹಳೇ ಸಾಕ್ಷಿ ಹೇಳಿಕೆ ಪ್ರತಿ ಒಂದು ನೋಡೀನಿ, ಪಾಟೀಸವಾಲು ತುಂಬ ಒಂದೇ ರಾಗ: "ನಾನು ಆ ದಿನ ಅಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ಫಿರ್ಯಾದಿ ನನ್ನ ಸಂಬಂಧಿ ಎಂದರೆ ಸರಿ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ವಕೀಲನ ಪ್ರಶ್ನೆ, ಸಾಕ್ಷಿ ಉತ್ತರ ಎರಡೂ ಸೇರಿ ಒಂದೇ ವಾಕ್ಯ ಆಗಿ ಟೈಪ್ ಆಗಿರ್ತದ. ನಡುವ ಒಂದು "ಎಂದರೆ ಸರಿ" ಇಣಕಿದ್ರ ಸಾಕು, ಕಾಕಾನ ಬೆರಳು ಅಲ್ಲೇ ನಿಲ್ತದ.

ಉಳಿದ ಕಾನೂನು ಮಾತ್ರ ಗೇಮಿನ್ಯಾಗ ಪೂರಾ ಉಲ್ಟಾ. ಕೊಲಿ ಕೇಸ್ ಮೂರು ದಿನದಾಗ ಮುಗೀಬೇಕು. (ಕಾಕಾ ಇದನ್ನ ಕೇಳಿ ನಕ್ಕ ನಗುವಿಗಿ ಚಾ ಚೆಲ್ತು.) ಪ್ರಾಸಿಕ್ಯೂಟರ್ (ಸರಕಾರಿ ವಕೀಲ) ಪುರಾವೆ ಮುಚ್ಚಿಡ್ತಾನ, ಒಬ್ಬಾಕಿ ಕೋರ್ಟಿನ್ಯಾಗೇ ಚಾಟಿ ಬೀಸ್ತಾಳ, ಗೋಡೋ ಅನ್ನಾಂವ ಒಂದು ವಿಚಾರಣೆಗಿ 17 ಕಪ್ ಕಾಫಿ ಅಂತ ನೇಮ ಇಟ್ಕೊಂಡಾನ, ಮಾಯಾನ ಮೈಮ್ಯಾಲ ಸತ್ತಾಕಿ ಅಕ್ಕ ಬರ್ತಾಳ. ಜಡ್ಜಿಗಿ ಹೆಸರೇ ಇಲ್ಲ, ಗಡ್ಡ ಮಾತ್ರ ಅದ. ಎಲ್ಲಾಕ್ಕಿಂತ ದೊಡ್ಡದು ಅಂದ್ರ ನಿಮ್ಮ ಕಕ್ಷಿದಾರ ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣಿ ನಿಮ್ಮ ಮ್ಯಾಲ, ಅದೂ ಸಾಲದು ಅಂತ ಖರೇ ಖೂನಿಗಾರನ್ನೂ ನೀವೇ ಹಿಡಕೊಡಬೇಕು. ನಮ್ಮಲ್ಲಿ ಸಾಬೀತು ಮಾಡೋ ಭಾರ ಸರಕಾರದ್ದು.

ಇದು ಸುಮ್ನ ಹುಚ್ಚಾಟ ಅಲ್ಲ. ಜಪಾನಿನ್ಯಾಗ ಪ್ರಾಸಿಕ್ಯೂಟರ್ ಕೋರ್ಟಿಗಿ ಒಯ್ದ ಕ್ರಿಮಿನಲ್ ಕೇಸಿನ್ಯಾಗ 99 ಪರ್ಸೆಂಟಿಗಿಂತ ಜಾಸ್ತಿ ಶಿಕ್ಷೆ ಆಗ್ತದ. ಒಂದು ಕಾರಣ, ಗೆಲ್ತೀವಿ ಅಂತ ಖಾತ್ರಿ ಇರೋ ಕೇಸ್ ಮಾತ್ರ ಅವ್ರು ಹಾಕ್ತಾರ, ಉಳಿದದ್ದು ಕೈಬಿಡ್ತಾರ. ಇನ್ನೊಂದು, ಚಾರ್ಜ್ ಹಾಕೋಕ್ಕಿಂತ ಮೊದ್ಲು 23 ದಿನದ ತನಕ ಮನಷ್ಯನ್ನ ಹಿಡದಿಟ್ಟು ವಿಚಾರಣೆ ಮಾಡಬಹುದು, ತಪ್ಪೊಪ್ಪಿಗೆ ಮ್ಯಾಲ ಭಾಳ ಭಾರ ಹಾಕ್ತಾರ. ಅಂಥಾ ಕಡಿ ಡಿಫೆನ್ಸ್ ವಕೀಲ ಕೋರ್ಟಿಗಿ ಹೋದಾಗ ಅವ್ನ ಎದಿ ಹೆಂಗಿರ್ತದ ಅನ್ನೋದನ್ನ ಗೇಮ್ ಕಾರ್ಟೂನ್ ಮಾಡಿ ತೋರಸ್ತದ ಅಂತ ನಾ ಓದ್ಕೊಂಡೀನಿ. ಮೊದಲ ಗೇಮಿನ ನಾಲ್ಕನೇ ಕೇಸಿನ್ಯಾಗ 15 ವರ್ಷ ಹಳೇ ಕೊಲಿ ಒಂದದ, ಇನ್ನೇನು ಕೇಸ್ ಹಾಕೋ ಅವಧಿ ಮುಗೀತದ, ಮುಗಿದ್ರ ಯಾರನ್ನೂ ಹಿಡಿಯಂಗಿಲ್ಲ. ಈ 15 ವರ್ಷ ಕಥಿಗಾರ ಕಟ್ಟಿದ್ದಲ್ಲ, ಆವಾಗ ಜಪಾನಿನ ಕಾನೂನೇ ಹಂಗಿತ್ತು, ಆಮ್ಯಾಲ 25 ಮಾಡಿದ್ರು, 2010ಕ್ಕ ಕೊಲಿಗಿ ಅವಧಿನೇ ತೆಗದ್ರು. ನಮ್ಮಲ್ಲಿ ಕೊಲಿ ಕೇಸಿಗಿ ಹಿಂಗ ಅವಧಿ ಮೊದ್ಲಿಂದ ಇಲ್ಲ, ಅದಕ್ಕ ಇಲ್ಲಿ ಹುಡುಗ್ರಿಗಿ ಆ ಕೇಸಿನ ಗಡಿಬಿಡಿ ಒಮ್ಮೆಲೇ ತಲಿಗಿ ಹೋಗಂಗಿಲ್ಲ.

ಈಗ ನನ್ನ ಅಭಿಪ್ರಾಯ, ಬೈಯೋವ್ರು ಬೈರಿ. ನಾ ಎಲ್ಲಾ ಗೇಮಿಗೂ ಒಂದೇ ಅಳತಿ ಇಡ್ತೀನಿ, ಎಳ್ಳಮಾಸಿ ಅಳತಿ. ಸುಳ್ಳು ಬಿರುಕು ಬಿಡೋದು ಮನಷ್ಯನ ದಿನದ ಬದುಕಿನಿಂದ ಇರಬೇಕು, ಗಡಿಯಾರ ತಿರುಗಿಸೋದು ಮರ್ತಂಗ. ಅದು ಬಿಟ್ಟು ಹಗ್ಗ, ಕ್ರೇನ್, ರಿಮೋಟ್ ಅಂತ ಯಂತ್ರ ಜೋಡಿಸಿ ಕೊಲಿ ಮಾಡಿದ್ರ ನನಗ ತಲಿ ನೋವು.

ಹಂಗ ನೋಡಿದ್ರ ಎರಡನೇ ಗೇಮಿನ ಸರ್ಕಸ್ ಕೇಸ್ ಫಾಲ್ತು. ಜೋಕರ್ ಅಂತ ಒಬ್ಬ ಬರ್ತಾನ, ಅವ್ನ ನಗುವೇ ಒಂದು ಶಿಕ್ಷೆ. ಆದ್ರ ಅದೇ ಗೇಮಿನ ಕಡೀ ಕೇಸ್ ನನ್ನ ಲೆಕ್ಕದಾಗ ಇಡೀ ಸೀರೀಸಿನ್ಯಾಗ ಮೊದಲ ಮೂರ್ರಾಗ ಬರ್ತದ. ಯಾಕ ಅಂತ ಹೇಳಂಗಿಲ್ಲ, ಹೇಳಿದ್ರ ಕೆಡ್ತದ. "ನಂಬು" ಅಂತ ಅಲ್ಲಿ ತನಕ ಗೇಮ್ ಕಲಿಸಿದ್ದನ್ನ ಅಲ್ಲಿ ಅದೇ ಗೇಮ್ ಮುರೀತದ, ಅಷ್ಟ ಹೇಳ್ತೀನಿ. ಮೂರನೇದು ಎಲ್ಲಾ ಗಂಟು ಬಿಚ್ಚಿ ಮುಗಸ್ತದ, ಶುರು ಮಾಡಿದವ್ರು ಅದರ ತನಕ ಬಂದ್ರೇನೇ ಇದೆಲ್ಲಾ ಯಾಕ ಅಂತ ತಿಳಿಯೋದು.

ನಾಲ್ಕನೇದು, ಅಪೊಲೊ ಜಸ್ಟಿಸ್, 2007. ಹೊಸ ಹೀರೋ ವಕೀಲನ ಹೆಸರೇ ಗೇಮಿನ ಹೆಸರು. ಇದಕ್ಕ ಫ್ಯಾನ್ಸ್ ಬೈದಿದ್ದು ಅಷ್ಟಿಷ್ಟಲ್ಲ. ಏಳು ವರ್ಷ ಆದಮ್ಯಾಲಿನ ಕಥಿ, ಫೀನಿಕ್ಸ್ ನಕಲಿ ಪುರಾವೆ ಕೊಟ್ಟಾನ ಅಂತ ವಕೀಲಿಕಿ ಬ್ಯಾಡ್ಜ್ ಕಳಕೊಂಡು ಗಡ್ಡ ಬಿಟ್ಕೊಂಡು ಪೋಕರ್ ಆಡ್ಕೊಂಡು ಕುಂತಾನ. ಮೊದಲ ಕೇಸಿನ್ಯಾಗ ಅಂವೇ ಆರೋಪಿ! ನನಗ ಇದು ಭಾಳ ಸೇರ್ತು. ನಮ್ಮ ಹೀರೋ ಸೋತು ಹೊಲಸು ಟೋಪಿಗಿ ಹಾಕ್ಕೊಂಡು ಕುಂತಿದ್ದು ಮಂದಿಗಿ ನೋಡಲಾಕ ಆಗಲಿಲ್ಲ, ಅದಕ್ಕ ಗೇಮ್ ಏನ್ ತಪ್ಪು ಮಾಡ್ತು? ತಪ್ಪು ಮಾಡಿದ್ದು ಮುಂದಿನ ಗೇಮುಗಳು, ಅಪೊಲೊನ ಮನಿ ಮಂದಿ ಬಗ್ಗೆ ಅರ್ಧಕ್ಕ ಬಿಟ್ಟ ಎಳೀನ ಯಾರೂ ಸರಿಯಾಗಿ ಹಿಡಿಲಿಲ್ಲ. ಆ ಗೇಮಿನ ಕಡೀಕ್ಕ ಜನಸಾಮಾನ್ಯರನ್ನ ಕೂಡಿಸಿ ತೀರ್ಪು ಕೊಡ್ಸೋ ಪ್ರಯೋಗ ಒಂದದ. ಜಪಾನ್ ಖರೇನೇ ಆವಾಗ ಅದಕ್ಕ ತಯಾರಿ ನಡಸಿತ್ತು, 2009ರ ಮೇ ತಿಂಗಳಿಂದ ಸಾಮಾನ್ಯ ಮಂದಿ ಜಡ್ಜುಗಳ ಬಾಜುಕ್ಕ ಕುಂತು ದೊಡ್ಡ ಕೇಸ್ ತೀರ್ಮಾನ ಮಾಡೋ ಪದ್ಧತಿ ಬಂತು. ನಮ್ಮಲ್ಲಿ ಉಲ್ಟಾ, 1959ರ ನಾನಾವತಿ ಕೇಸಿನ್ಯಾಗ (ಹೆಂಡ್ತಿ ಪ್ರಿಯಕರನ್ನ ಗುಂಡು ಹಾಕಿ ಕೊಂದ ನೌಕಾದಳದ ಅಧಿಕಾರಿ ಕೇಸ್) ಮುಂಬೈ ಜ್ಯೂರಿ ಎಂಟಕ್ಕ ಒಂದರಂಗ ತಪ್ಪಿಲ್ಲ ಅಂತು, ಹೈಕೋರ್ಟ್ ಅದನ್ನ ತೆಗದು ಹಾಕ್ತು, ಮುಂದ ಜ್ಯೂರಿ ಅನ್ನೋದೇ ಹೋತು.

ಐದನೇದು 2013. ಚಿತ್ರ ತ್ರೀಡಿ ಆದ್ವು, ಛಂದ ಆದ್ವು, ಆದ್ರ ಗೇಮ್ ನಿಮ್ಮ ಕೈ ಹಿಡ್ಕೊಂಡು ರಸ್ತೆ ದಾಟಸ್ತದ. ಕೊಲಿ ಆದ ಜಾಗ ಬಿಟ್ರ ಬ್ಯಾರೆ ಕಡಿ ಏನೂ ಮುಟ್ಟಿ ನೋಡಂಗಿಲ್ಲ. ಹಳೇ ಗೇಮಿನ್ಯಾಗ ಏಣಿ ಕಂಡ್ರ ಅದಕ್ಕ ಏಣಿ ಅನ್ಬೇಕೋ ನಿಚ್ಚಣಿಕಿ ಅನ್ಬೇಕೋ ಅಂದಂಗ ಫೀನಿಕ್ಸ್, ಮಾಯಾ ಇಬ್ರೂ ಜಗಳಾಡ್ತಿದ್ರು, ಆ ಫಾಲ್ತು ಮಾತೇ ಗೇಮಿನ ಉಪ್ಪು. ಆದ್ರ ಅಥೀನಾ ಅನ್ನೋ ಹುಡುಗಿ ಸಾಕ್ಷಿಯ ದನಿಯಾಗ ಸಿಟ್ಟು, ದುಃಖ, ಖುಷಿ, ಗಾಬರಿ ಹಿಡಿಯೋದು ನನ್ನ ಅಳತಿಗಿ ಪಾಸು. ಹೆಣ ಕಂಡೆ ಅನ್ನುವಾಗ ದನಿ ಖುಷಿ ಆಗಿದ್ರ? ಅದೂ ಕೆಂಪು ಟವೆಲ್ಲೇ.

ಆರನೇದು 2016. ಹಿಮಾಲಯದಂಥ ಒಂದು ರಾಜ್ಯ, ಅಲ್ಲಿ ಕಕ್ಷಿದಾರಗ ಶಿಕ್ಷೆ ಆದ್ರ ಅವ್ನ ವಕೀಲಗೂ ಅದೇ ಶಿಕ್ಷೆ. ಸತ್ತವ್ನ ಕಡೀ ಕ್ಷಣ ನೀರಿನ್ಯಾಗ ಮೂಡ್ತದ, ರಾಜಕುಮಾರಿ ಅದಕ್ಕ ಅರ್ಥ ಹೇಳ್ತಾಳ, ನೀವು ಆ ಅರ್ಥ ತಪ್ಪು ಅಂತ ತೋರಿಸಬೇಕು. ಮಂದಿಗಿ ಸೇರಲಿಲ್ಲ, ನನಗ ಸೇರ್ತು. ನೋಡಿದ್ದು ಸುಳ್ಳಲ್ಲ, ಹೇಳಿದ ಅರ್ಥ ಸುಳ್ಳು. ಕೆಂಪು ಟವೆಲ್ ಕಂಡಿದ್ದು ಖರೇ, ಹುಡುಗನ ಹೆಗಲ ಮ್ಯಾಲ ಅಂದಿದ್ದು ಸುಳ್ಳು ಅಂದಂಗ.

ಎಜ್‌ವರ್ತ್ ಅನ್ನೋ ಪ್ರಾಸಿಕ್ಯೂಟರ್ ಹೀರೋ ಆಗಿರೋ ಎರಡು ಗೇಮ್ ಬ್ಯಾರೆ ಅವ. ಎರಡನೇದು 2011ಕ್ಕ ಜಪಾನಿನ್ಯಾಗ ಬಂತು, ಕಂಪನಿ ಇಂಗ್ಲಿಷ್ ಮಾಡಿದ್ದು 2024ಕ್ಕ, 13 ವರ್ಷ ಕಾಯಿಸಿದ್ರು. ಕಾದಿದ್ದಕ್ಕ ಮೋಸ ಇಲ್ಲ, ಅಷ್ಟು ಘಟ್ಟಿ ಕಥಿ.

ಗ್ರೇಟ್ ಏಸ್ ಅಟಾರ್ನಿ ಬಗ್ಗೆ ಕೇಳಿದ್ರ ನಾ ತಾಸುಗಟ್ಲೆ ಮಾತಾಡ್ತೀನಿ. ತಕುಮಿ ಮರಳಿ ಬಂದು ಬರೆದಿದ್ದು, 2015 ಮತ್ತ 2017, ಇಂಗ್ಲಿಷಿನ್ಯಾಗ ಎರಡೂ ಸೇರಿ 2021ಕ್ಕ. ನೂರು ವರ್ಷಕ್ಕಿಂತ ಹಿಂದಿನ ಲಂಡನ್, ಜಪಾನಿನಿಂದ ಓದಲಾಕ ಬಂದ ಹುಡುಗ ಫೀನಿಕ್ಸನ ಮುತ್ತಜ್ಜನ ಕಾಲದಾಂವ. ಪತ್ತೇದಾರ ಒಬ್ಬ ಇದ್ದಾನ, ಹೆಸರು ಹರ್ಲಾಕ್ ಶೋಮ್ಸ್, ಅಕ್ಷರ ಅದಲುಬದಲು ಮಾಡ್ಯಾರ, ಯಾರು ಅಂತ ನಿಮಗ ಗೊತ್ತು. ಇಂವ ಎದುರಿನವ್ನ ನೋಡಿ ಪಟಪಟ ಅಂತ ಲೆಕ್ಕ ಹಾಕ್ತಾನ, ಎಲ್ಲಾ ಹೆಜ್ಜಿ ತಪ್ಪದೇ ತಪ್ಪು, ನೀವು ಬಾಜುಕ್ಕ ನಿಂತು ಒಂದೊಂದೇ ಪದ ತಿದ್ದಿದ್ರ ಅದೇ ಲೆಕ್ಕ ಸರಿ ಆಗ್ತದ! ಆರು ಮಂದಿ ಜ್ಯೂರಿನೂ ಅದ, ಅವ್ರೆಲ್ಲಾ ತಪ್ಪಿತಸ್ಥ ಅಂದಾಗ ಅವ್ರ ಮಾತು ಒಬ್ರದ್ದು ಒಬ್ರಿಗಿ ತಾಕಿಸಿ ಜಗಳ ಹಚ್ಚಬೇಕು. ನಮ್ಮ ಕಟ್ಟಿ ಪಂಚಾಯ್ತಿ ನೋಡಿದವ್ರಿಗಿ ಇದು ಹೊಸದಲ್ಲ. ಕಪ್ಪು ಕೋಟಿನ ಪ್ರಾಸಿಕ್ಯೂಟರ್ ಜಪಾನಿಯವ್ರನ್ನ ಕೋರ್ಟಿನ್ಯಾಗೇ ಹೀಯಾಳಸ್ತಾನ, ನಮ್ಮಂಗ ಬಿಳಿಯರ ಆಳಿಕಿ ಕಂಡ ನಾಡಿನವ್ರಿಗಿ ಅದು ಬ್ಯಾರೆ ತರಾ ಚುಚ್ತದ. ನಿಧಾನ ಅಂದ್ರ ಭಾಳ ನಿಧಾನ, ಮೊದಲ ಗೇಮ್ ಒಂದೇ ಆಡಿ ಬಿಟ್ರ ಅರ್ಧಾ ಊಟಕ್ಕ ಎದ್ದಂಗ. ಎರಡೂ ಮುಗಿಸಿ ಆಮ್ಯಾಲ ನನ್ನ ಜೋಡಿ ಜಗಳಕ್ಕ ಬರ್ರಿ.

ಎಲ್ಲಿಂದ ಶುರು ಮಾಡ್ಲಿ ಅಂತ ಕೇಳ್ತಾರ, ಮೊದಲ ಮೂರೂ ಸೇರಿಸಿದ ಟ್ರೈಲಜಿ ಫೋನಿಗೂ ಅದ, 2019ರಿಂದ ಕಂಪ್ಯೂಟರಿಗೂ ಅದ, ಅಲ್ಲಿಂದಲೇ. ಕನ್ನಡದಾಗ ಇಲ್ಲ, ಡಿಕ್ಷನರಿ ಇಟ್ಕೋರಿ. ನಡುವ ಸಿಕ್ಕಿ ಬಿದ್ರ ಉತ್ತರ ನೋಡಬ್ಯಾಡ್ರಿ, ಪ್ರತಿ ವಾಕ್ಯ ಕೆದಕ್ರಿ, ಆದ್ರೂ ಆಗಲಿಲ್ಲ ಅಂದ್ರ ಪುರಾವೆ ಪಟ್ಟಿ ತೆಗದು ಮತ್ತ ಓದ್ರಿ, ಸತ್ತ ಟೈಮು, ಪಾಸ್‌ಪೋರ್ಟಿನ ತಾರೀಖು, ಅಲ್ಲೇ ಎಲ್ಲೋ ಕುಂತಿರ್ತದ.

ಕಾಕಾಗ ಮೊದಲ ಗೇಮಿನ ನಾಲ್ಕನೇ ಕೇಸ್ ತನಕ ಆಡ್ಸೀನಿ. ಅದ್ರಾಗ ಒಂದು ಕಡಿ ಬ್ಯಾರೆ ದಾರಿ ಕಾಣ್ದೇ ಫೀನಿಕ್ಸ್ ಒಂದು ಗಿಳಿಗಿ ಪಾಟೀಸವಾಲು ಹಾಕ್ತಾನ. ಕಾಕಾ ಚಷ್ಮಾ ತೆಗದು ಒರಸ್ಕೊಂಡು ಮತ್ತ ಹಾಕ್ಕೊಂಡ್ರು. ಚಾಟಿಗಿ, ಕಾಫಿಗಿ, ಮೈಮ್ಯಾಲ ಬರೋದಕ್ಕ ಏನೂ ಅನ್ನದ ಮನಷ್ಯ ಇಲ್ಲಿ ಫೋನ್ ಕೆಳಗಿಟ್ರು.

"ಹನ್ನೆರಡು ವರ್ಷದ ಒಳಗಿನ ಕೂಸಿದ್ರ ಪ್ರಮಾಣ ಬೋಧಿಸದೇನೂ ನಡೀತದಪಾ. ಈ ಗಿಳಿ ವಯಸ್ಸು ಎಷ್ಟಂತ ರೆಕಾರ್ಡಿನ್ಯಾಗ ಎಲ್ಲರೇ ಅದೇನು?"

ಪುರಾವೆ ಪಟ್ಟಿ ಎರಡು ಸಲ ಹುಡುಕೀನಿ. ಇಲ್ಲ.